ತೋಟ ಮಲಗಿರುವಾಗ ನಡೆಯುವ ವ್ಯಾಪಾರ

ಇಂಗ್ಲೆಂಡಿನಲ್ಲಿ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಬೀಜದ ಕಂಪನಿಗಳ ಕ್ಯಾಟಲಾಗುಗಳು ಮನೆಮನೆಗೆ ಬರುವುದು ಕ್ರಿಸ್‌ಮಸ್‌ನ ಆಸುಪಾಸಿನಲ್ಲಿ. ಆಗ ಹೊರಗೆ ನೆಲ ಕಲ್ಲಾಗಿರುತ್ತದೆ, ಸಂಜೆ ನಾಲ್ಕೂವರೆಗೇ ಕತ್ತಲು. ಕಿಟಕಿಯಾಚೆ ತೋಟವೆಂದರೆ ಕಂದುಬಣ್ಣದ ಒಂದಿಷ್ಟು ಕಡ್ಡಿ. ಒಳಗೆ ಹೀಟರಿನ ಕಾವು, ಕೈಯಲ್ಲಿ ಬಣ್ಣದ ಪುಸ್ತಕ. ಆ ಪುಸ್ತಕದ ಹೂವುಗಳು ಮಳೆಗೆ ಕೊಳೆಯುವುದಿಲ್ಲ, ಅಲ್ಲಿಯ ಎಲೆಗಳನ್ನು ಹುಳು ತಿನ್ನುವುದಿಲ್ಲ. ಆರು ಟೊಮೆಟೊ ಗಿಡಕ್ಕಷ್ಟೇ ಜಾಗವಿರುವ ಹಿತ್ತಲಿಗೆ ಹತ್ತು ಹದಿನೈದು ಬಗೆಯ ಟೊಮೆಟೊ ಬೀಜ ತರಿಸುವವರು ಅಲ್ಲಿ ಬೇಕಾದಷ್ಟಿದ್ದಾರೆ. ಹೋದ ವರ್ಷದ ಪೊಟ್ಟಣಗಳು ಒಡೆಯದೆ ಬಿಸ್ಕತ್ತಿನ ಡಬ್ಬದಲ್ಲಿ ಕೂತಿರುವಾಗಲೇ ಹೊಸ ಆರ್ಡರು ಹೋಗಿರುತ್ತದೆ. ಆಮೇಲೆ ಅವರೇ ತಮ್ಮನ್ನು ಗೇಲಿ ಮಾಡಿಕೊಳ್ಳುತ್ತಾರೆ. ಮುಂದಿನ ಜನವರಿಯಲ್ಲಿ ಮತ್ತೆ ಅದೇ ಕತೆ.

ಇದಕ್ಕೆ ಎಲ್ಲರೂ ಹೇಳುವ ಕಾರಣ ಚಳಿಗಾಲದ ಬೇಸರ, ವಸಂತದ ಹಂಬಲ, ಒಟ್ಟಿನಲ್ಲಿ ಮನುಷ್ಯನ ಆಸೆಬುರುಕತನ. ಈ ವಿವರಣೆ ನನಗೆ ಸಾಲದು. ಆಸೆ ಜೂನಿನಲ್ಲೂ ಇರುತ್ತದೆ, ಆಗಸ್ಟಿನಲ್ಲೂ ಇರುತ್ತದೆ. ಆದರೆ ಆ ತಿಂಗಳುಗಳಲ್ಲಿ ಆಸೆಗೆ ಎದುರಾಡುವವರಿರುತ್ತಾರೆ. ಮಡಿಯಲ್ಲಿ ಜಾಗವಿಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಸಿಂಬಳಹುಳು ರಾತ್ರೋರಾತ್ರಿ ಡೆಲ್ಫಿನಿಯಮ್ ಚಿಗುರನ್ನು ಬೋಳಿಸಿ ಹೋಗಿರುತ್ತದೆ. ಕಳೆ ಕಿತ್ತ ಸೊಂಟ ಇನ್ನೂ ನೋಯುತ್ತಿರುತ್ತದೆ. ಮೂಲೆಯ ಆ ನೆರಳಿನಲ್ಲಿ ಗುಲಾಬಿ ಬರುವುದಿಲ್ಲ ಎಂದು ಮೂರನೆಯ ಗುಲಾಬಿ ಸತ್ತು ಹೇಳಿರುತ್ತದೆ. ಜನವರಿಯಲ್ಲಿ ಈ ಸಾಕ್ಷಿಗಳೆಲ್ಲ ನೆಲದಡಿಗೆ ಹೋಗಿಬಿಡುತ್ತವೆ. ತಕರಾರು ಇರುವುದು ಆಸೆಯ ಮೇಲಲ್ಲ, ತೋಟ ಬಾಯಿ ತೆರೆಯಲಾರದ ಹೊತ್ತಿನಲ್ಲಿ ತೋಟಕ್ಕೆ ಬೇಕಾದ್ದನ್ನು ಆರಿಸುವ ಪದ್ಧತಿಯ ಮೇಲೆ. ಆಯ್ಕೆ ಒಂದು ಋತುವಿನಲ್ಲಿ, ಅದಕ್ಕೆ ಬೇಕಾದ ತಿಳಿವಳಿಕೆ ಇನ್ನೊಂದು ಋತುವಿನಲ್ಲಿ ಎಂದಾದಾಗ ಎಂಥ ಸಂಯಮಿಯೂ ಎಡವುತ್ತಾನೆ.

ಇದರ ಅತಿ ದೊಡ್ಡ ನಿದರ್ಶನ ಹಾಲೆಂಡಿನದು. 1636–37ರ ಚಳಿಗಾಲದ ಟ್ಯೂಲಿಪ್ ಹುಚ್ಚನ್ನು ಷೇರುಪೇಟೆಯ ಗುಳ್ಳೆಗಳ ಬಗ್ಗೆ ಬರೆಯುವವರೆಲ್ಲ ನೆನೆಯುತ್ತಾರೆ. ಮಣ್ಣು ಮುಟ್ಟಿದವರಿಗೆ ಅದರಲ್ಲಿ ಬೇರೆಯೇ ಒಂದು ಸಂಗತಿ ಎದ್ದು ಕಾಣುತ್ತದೆ. ಬೆಲೆ ನೆತ್ತಿಗೇರಿದ್ದು ಊರಿನಲ್ಲಿ ಒಂದೇ ಒಂದು ಟ್ಯೂಲಿಪ್ ಹೂವೂ ಇಲ್ಲದ ತಿಂಗಳುಗಳಲ್ಲಿ! ಟ್ಯೂಲಿಪ್ ಅರಳುವುದು ಏಪ್ರಿಲ್–ಮೇನಲ್ಲಿ. ಎಲೆ ಒಣಗಿದ ಮೇಲೆ ಜೂನಿನಲ್ಲಿ ಗಡ್ಡೆ ಕೀಳುತ್ತಾರೆ, ಸೆಪ್ಟೆಂಬರಿನ ಹೊತ್ತಿಗೆ ಮತ್ತೆ ಹೂಳುತ್ತಾರೆ. ಮೊದಮೊದಲು ಕೊಡು–ಕೊಳ್ಳುವುದೆಲ್ಲ ನಡೆಯುತ್ತಿದ್ದದ್ದು ಗಡ್ಡೆ ಕೈಗೆ ಸಿಗುವ ಆ ಬೇಸಿಗೆಯಲ್ಲೇ. ಆಮೇಲೆ ಚೀಟಿಯ ವ್ಯಾಪಾರ ಬಂತು. ಗಡ್ಡೆ ಯಾರದೋ ತೋಟದ ಮಣ್ಣಿನಡಿ, ನೆಡುವಾಗ ಅದರ ತೂಕವೆಷ್ಟಿತ್ತು ಎಂಬ ಬರಹ ಚೀಟಿಯಲ್ಲಿ, ಚೀಟಿ ಹಾರ್ಲೆಮ್‌ನ ಹೆಂಡದಂಗಡಿಯ ಮೇಜಿನ ಮೇಲೆ. ಪ್ರತಿ ವ್ಯವಹಾರಕ್ಕೂ ಒಂದಿಷ್ಟು ಕುಡಿತದ ಕಾಸು ಸೇರಿರುತ್ತಿತ್ತು. ಡಚ್ಚರೇ ಇದನ್ನು ಗಾಳಿ ವ್ಯಾಪಾರ ಎಂದರು. ಕೊಳ್ಳುವವನಿಗೆ ಏನನ್ನಾದರೂ ತೋರಿಸಬೇಕಲ್ಲ, ಅದಕ್ಕೆ ಜಲವರ್ಣದಲ್ಲಿ ಬರೆಸಿದ ಹೂವಿನ ಪುಸ್ತಕಗಳಿದ್ದವು. ಹಾರ್ಲೆಮ್‌ನ ಪಿ. ಕೋಸ್ ಎಂಬ ವ್ಯಾಪಾರಿಯ 1637ರ ಅಂಥದೊಂದು ಪುಸ್ತಕ ಇವತ್ತಿಗೂ ಉಳಿದಿದೆ. ಅದರಲ್ಲಿ ಹೂವಿನ ಚಿತ್ರದ ಜೊತೆಗೆ ಗಡ್ಡೆಯ ತೂಕ, ಬೆಲೆ ಎರಡೂ ಇವೆ. ಇಂದಿನ ಕ್ಯಾಟಲಾಗಿನ ಮುತ್ತಜ್ಜ ಎನ್ನಲು ಅಡ್ಡಿಯಿಲ್ಲ.

1637ರ ಫೆಬ್ರುವರಿ ಮೊದಲ ವಾರದಲ್ಲಿ ಹಾರ್ಲೆಮ್‌ನಲ್ಲಿ ಕೂಗಿದ ಬೆಲೆಗೆ ಕೊಳ್ಳುವವರು ಸಿಗಲಿಲ್ಲ. ಆ ಸುದ್ದಿ ಇನ್ನೂ ಹಬ್ಬುವ ಮುನ್ನ, ಫೆಬ್ರುವರಿ 5ರಂದು, ಆಲ್ಕ್‌ಮಾರ್‌ನಲ್ಲಿ ತಂದೆ ಸತ್ತ ಮಕ್ಕಳ ಹಿತಕ್ಕಾಗಿ ನಡೆದ ಹರಾಜಿನಲ್ಲಿ ಟ್ಯೂಲಿಪ್ ಗಡ್ಡೆಗಳಿಗೆ ಸುಮಾರು 90,000 ಗಿಲ್ಡರ್ ಬಂದಿತ್ತು. ಮುಂದಿನ ದಿನಗಳಲ್ಲಿ ಎಲ್ಲ ಕಡೆ ಬೆಲೆ ಕುಸಿಯಿತು. ದೇಶವೇ ದಿವಾಳಿಯಾಯಿತು, ಜನ ಕಾಲುವೆಗೆ ಹಾರಿದರು ಎಂಬುದೆಲ್ಲ ಆಮೇಲಿನವರು ಕಟ್ಟಿದ ಕತೆ. ಇತಿಹಾಸಕಾರ್ತಿ ಆನ್ ಗೋಲ್ಡ್‌ಗಾರ್ ದಫ್ತರಗಳನ್ನು ಕೆದಕಿ, ಹಾಗೆ ಮುಳುಗಿಹೋದವರು ಬಹಳ ಸಿಗುವುದಿಲ್ಲವೆಂದು 2007ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ನನಗೆ ಕುತೂಹಲ ಹುಟ್ಟಿಸುವುದು ನಷ್ಟದ ಲೆಕ್ಕವಲ್ಲ. ಅತಿ ಹೆಚ್ಚು ಬೆಲೆ ಬಾಳಿದ್ದು ಬಿಳಿಯ ಮೇಲೆ ಕೆಂಪು, ನೇರಳೆ ಜ್ವಾಲೆಯಂತೆ ಗೆರೆ ಮೂಡಿದ ಹೂವುಗಳು. ಆ ಗೆರೆಗಳು ಒಂದು ವೈರಸ್ಸಿನ ಕೆಲಸ, ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಸಸ್ಯಹೇನು. ಇದು ತಿಳಿಯಲು ಸುಮಾರು ಮುನ್ನೂರು ವರ್ಷ ಬೇಕಾಯಿತು. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯ ಡೊರೊತಿ ಕೇಲಿ, ಗೆರೆ ಮೂಡುವುದು ಗಡ್ಡೆಯಿಂದ ಗಡ್ಡೆಗೆ ದಾಟುವ ಸೋಂಕಿನಿಂದ ಎಂದು ಪ್ರಯೋಗದಿಂದ ತೋರಿಸಿದರು. ರೋಗ ತಗಲಿದ ಗಡ್ಡೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ಮರಿ ಕಡಿಮೆ ಹಾಕುತ್ತದೆ. ಹೆಂಡದಂಗಡಿಯಲ್ಲಿ ಕೂತವರು ಕಾಗದದ ಮೇಲೆ ಕೊಂಡದ್ದು ಒಂದು ಕಾಯಿಲೆಯನ್ನು. ಗಿಡವನ್ನು ನಾಲ್ಕು ವರ್ಷ ಸಾಕಿ ನೋಡಿದವನಿಗಾದರೂ ಅದರ ಸೊರಗು ಗೊತ್ತಿರುತ್ತಿತ್ತು.

ನಮ್ಮಲ್ಲಿ ತೋಟ ಮಲಗುವುದು ಜನವರಿಯಲ್ಲಲ್ಲ. ಮಲೆನಾಡಿಗೆ ಏಪ್ರಿಲ್–ಮೇ ತಿಂಗಳೇ ನಿದ್ದೆಯ ಕಾಲ, ಎಬ್ಬಿಸುವುದು ಮುಂಗಾರು. ಶಿರಸಿ, ಸಿದ್ದಾಪುರ, ಸಾಗರದ ಕಡೆಯ ಹೆಂಗಸರ ಡೇರೆ ಹೂವಿನ ಹುಚ್ಚು ಡಚ್ಚರಿಗೇನೂ ಕಡಿಮೆಯಲ್ಲ. ಆದರೆ ಅವರ ವ್ಯಾಪಾರದ ಕ್ರಮವೇ ಬೇರೆ. ಚೌತಿಗೋ ಶ್ರಾವಣದ ಪೂಜೆಗೋ ಬಂದವಳು ಅಂಗಳದಲ್ಲಿ ಅರಳಿ ನಿಂತ, ಅಂಚಿಗೆ ಬಿಳಿ ಬಳಿದಂಥ ಕೆಂಪು ಡೇರೆಯನ್ನು ನೋಡುತ್ತಾಳೆ. ಗಿಡದ ಎತ್ತರ ನೋಡುತ್ತಾಳೆ, ಮಳೆಗೆ ಹೂವು ತಲೆ ಬಾಗಿಸಿದೆಯೋ ಇಲ್ಲವೋ ನೋಡುತ್ತಾಳೆ, ಎಷ್ಟು ದಿನವಾಯಿತು ಅರಳಿ ಎಂದು ಕೇಳುತ್ತಾಳೆ. ಆಮೇಲೆಯೇ "ಮಾರಾಯ್ತಿ, ಇದರದ್ದೊಂದು ಗಡ್ಡೆ ನನಗೆ ಇಟ್ಟಿರು" ಎಂಬ ಮಾತು. ಬೇಸಿಗೆಯಲ್ಲಿ ಗಡ್ಡೆ ಕೈಗೆ ಬಂದಾಗಲೂ ಅವಳು ದಪ್ಪ ನೋಡಿ ಹಿಗ್ಗುವವಳಲ್ಲ, ಕುತ್ತಿಗೆ ನೋಡುತ್ತಾಳೆ. ಡೇರೆ ಗಡ್ಡೆಯ ಕಣ್ಣಿರುವುದು ಹಳೆಯ ಕಾಂಡಕ್ಕೆ ಅಂಟಿದ ಆ ಕುತ್ತಿಗೆಯಲ್ಲಿ. ಅದು ಮುರಿದಿದ್ದರೆ ಗಡ್ಡೆ ಗೆಣಸಿನಷ್ಟು ದಪ್ಪವಿದ್ದರೂ ಮೊಳೆಯುವುದಿಲ್ಲ, ಮಣ್ಣಿನಲ್ಲಿ ಕೊಳೆಯುತ್ತದೆ ಅಷ್ಟೆ. ಬೇಕು ಎಂದದ್ದು ಮಳೆಗಾಲದಲ್ಲಿ, ತೆಗೆದುಕೊಂಡದ್ದು ಬೇಸಿಗೆಯಲ್ಲಿ. ಆಸೆಗೂ ಕೊಳ್ಳುವಿಕೆಗೂ ನಡುವೆ ಎಂಟು ಒಂಬತ್ತು ತಿಂಗಳು ಕಳೆದರೂ ಆಯ್ಕೆಯಾದದ್ದು ಗಿಡದ ಎದುರಿಗೇ.

ತರಕಾರಿ ಬೀಜದ ಮಾತೂ ಹೀಗೆಯೇ. ಬಳ್ಳಿಯಲ್ಲಿ ಚೆನ್ನಾಗಿ ಬಂದ ಮೊದಲ ಹೀರೆಕಾಯಿಯನ್ನು ಕೊಯ್ಯದೆ ಬೀಜಕ್ಕೆಂದು ಬಿಡುವುದು, ಅದು ಒಣಗಿ ಗಿಲಕಿಯಾದ ಮೇಲೆ ಅಡುಗೆಮನೆಯಲ್ಲಿ ಹೊಗೆ ತಾಗುವ ಕಡೆ ತೂಗುಹಾಕುವುದು, ಸೌತೆಯ ಬೀಜವನ್ನು ಬೂದಿಯಲ್ಲಿ ಉಜ್ಜಿಡುವುದು, ಇಲ್ಲವೇ ಸೆಗಣಿಯಲ್ಲಿ ಒತ್ತಿ ಗೋಡೆಗೆ ಮೆತ್ತುವುದು. ಹೀಗೆ ಇಟ್ಟವಳಿಗೆ ಮೇ ತಿಂಗಳಲ್ಲಿ ಆರಿಸುವ ಕಷ್ಟವೇ ಇಲ್ಲ. ಬೇಡವಾದದ್ದು ಆರು ತಿಂಗಳ ಹಿಂದೆಯೇ ಪಲ್ಯವಾಗಿ ಹೋಗಿದೆ. ಶಿರಸಿಯ 'ವನಸ್ತ್ರೀ' ಎಂಬ ಮಹಿಳೆಯರ ಬಳಗ ಎರಡು ದಶಕದಿಂದ ಕೈಗೆತ್ತಿಕೊಂಡಿರುವುದು ಇದೇ ಕೆಲಸವನ್ನು. ಅವರ ಬೀಜ ಒಬ್ಬರ ಹಿತ್ತಲಿನಿಂದ ಇನ್ನೊಬ್ಬರ ಹಿತ್ತಲಿಗೆ ಹೋಗುವಾಗ ಕಂಡದ್ದು ಕೇಳಿದ್ದೆಲ್ಲ ಜೊತೆಗೆ ಹೋಗುತ್ತದೆ: ಇದಕ್ಕೆ ಚಪ್ಪರ ಎತ್ತರ ಬೇಕು, ಇದು ಮಂಗ ಮುಟ್ಟದ ಜಾತಿ, ಇದು ಕಹಿಯಾಗುವುದುಂಟು.

ಹಳ್ಳಿಯ ಅಜ್ಜಿಯರನ್ನು ಹೊಗಳಿ ಅಮೆರಿಕದವರನ್ನು ತೆಗಳುವ ಹಳೆಯ ದಾರಿ ಹಿಡಿಯುತ್ತಿದ್ದೇನೆ ಎಂದು ಓದುಗರು ಅನುಮಾನಿಸಬಹುದು. ಹಾಗಲ್ಲ. ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ಅಮೆರಿಕದ ಅತ್ಯಂತ ಹೆಸರುವಾಸಿ ಬೀಜದ ಕ್ಯಾಟಲಾಗಿನ ಕತೆಯಲ್ಲೇ. ಫಿಲಡೆಲ್ಫಿಯಾದಲ್ಲಿ 1876ರಲ್ಲಿ ಶುರುವಾದ ಬರ್ಪಿ ಕಂಪನಿ ಚಳಿಗಾಲದ ಆಸೆಯನ್ನು ಮಾರುವ ಕಲೆಯಲ್ಲಿ ಎಲ್ಲರಿಗೂ ಗುರು. ಸ್ಥಾಪಕನ ಮಗ ಡೇವಿಡ್ ಬರ್ಪಿಗೆ ಚೆಂಡುಹೂವೆಂದರೆ ಪ್ರಾಣ. ಅದನ್ನು ಅಮೆರಿಕದ ರಾಷ್ಟ್ರೀಯ ಪುಷ್ಪ ಮಾಡಬೇಕೆಂದು ವರ್ಷಗಟ್ಟಲೆ ಓಡಾಡಿದ ಮನುಷ್ಯ. (ಕೊನೆಗೆ 1986ರಲ್ಲಿ ಆ ಪಟ್ಟ ಗುಲಾಬಿಗೆ ಹೋಯಿತು. ಚೆಂಡುಹೂವಿಲ್ಲದೆ ಆಯುಧಪೂಜೆಯ ಲಾರಿಯೂ ಕದಲದ ನಾಡಿನವರಾದ ನಮಗೆ ಆತನ ಸಂಕಟ ಅರ್ಥವಾಗುತ್ತದೆ.) ಹಳದಿ, ಕಿತ್ತಳೆ ಬಿಟ್ಟರೆ ದೊಡ್ಡ ಚೆಂಡುಹೂವಿಗೆ ಬೇರೆ ಬಣ್ಣವಿಲ್ಲವಲ್ಲ ಎಂದು 1954ರಲ್ಲಿ ಆತ ಒಂದು ಬಹುಮಾನ ಸಾರಿದ: ಅಚ್ಚ ಬಿಳಿಯ, ದೊಡ್ಡ ಚೆಂಡುಹೂವಿನ ಬೀಜ ತಂದುಕೊಟ್ಟವರಿಗೆ 10,000 ಡಾಲರ್. ಕಂಪನಿಯ ಬಳಿ ತಳಿತಜ್ಞರಿದ್ದರು, ಪ್ರಯೋಗದ ಹೊಲಗಳಿದ್ದವು. ಆದರೂ ಬಹುಮಾನ ಹೋದದ್ದು ಅಯೋವಾ ರಾಜ್ಯದ ಸಲ್ಲಿ ಎಂಬ ಪುಟ್ಟ ಊರಿನ ಆಲಿಸ್ ವಾಂಕ್ ಎಂಬ ಗೃಹಿಣಿಗೆ, ಅದೂ 1975ರಲ್ಲಿ, ಇಪ್ಪತ್ತೊಂದು ವರ್ಷದ ಮೇಲೆ.

ಆಕೆ ಮಾಡಿದ್ದಾದರೂ ಏನು? ಪ್ರತಿ ಬೇಸಿಗೆ ತನ್ನ ಹಿತ್ತಲಿನ ಚೆಂಡುಹೂಗಳಲ್ಲಿ ಎಲ್ಲಕ್ಕಿಂತ ಪೇಲವವಾದದ್ದನ್ನು ಹುಡುಕಿ ಬೀಜಕ್ಕೆ ಬಿಟ್ಟದ್ದು, ಮುಂದಿನ ವರ್ಷ ಅದನ್ನೇ ಬಿತ್ತಿದ್ದು, ಮತ್ತೆ ಅದರಲ್ಲಿ ಪೇಲವವಾದದ್ದನ್ನು ಹುಡುಕಿದ್ದು. ಚೆಂಡುಹೂವಿನ ಒಣ ಹೂವನ್ನು ಬಿಡಿಸಿದವರಿಗೆ ಗೊತ್ತು, ಒಂದು ಹೂವಿನಲ್ಲೇ ಹತ್ತಾರು ಬೀಜ: ಒಂದು ತುದಿ ಕಪ್ಪು ಸೂಜಿ, ಇನ್ನೊಂದು ತುದಿ ಹುಲ್ಲಿನ ಬಣ್ಣದ ಕುಚ್ಚು. ಅವುಗಳಲ್ಲಿ ಯಾವುದು ಬಿಳಿಯತ್ತ ವಾಲುತ್ತದೆಂದು ಬೀಜ ನೋಡಿ ಹೇಳಲು ಬ್ರಹ್ಮನಿಗೂ ಆಗದು. ಬಿತ್ತಬೇಕು, ಅರಳುವವರೆಗೆ ಕಾಯಬೇಕು, ಬಿಸಿಲಿನಲ್ಲಿ ನಿಂತು ಹೋಲಿಸಬೇಕು. ಕ್ಯಾಟಲಾಗಿನವರು ಇಷ್ಟು ವರ್ಷ ಮಾರಿದ ಹೊಸತನಗಳಲ್ಲಿ ಅತಿ ಹೆಚ್ಚು ಸುದ್ದಿಯಾದದ್ದು ಕ್ಯಾಟಲಾಗನ್ನು ಮುಚ್ಚಿಟ್ಟು ಗಿಡ ನೋಡಿದವಳ ಹಿತ್ತಲಿನಿಂದ ಬಂತು. ಆ ಬೀಜವನ್ನು ಕಂಪನಿ ಪೊಟ್ಟಣ ಮಾಡಿ ಮತ್ತೆ ಜನವರಿಯಲ್ಲಿ ಮಾರಿತು ಎಂಬುದು ಬೇರೆ.

ಇಲ್ಲೊಂದು ಬಲವಾದ ಆಕ್ಷೇಪ ಬರುತ್ತದೆ, ಅದನ್ನು ತೇಲಿಸಿ ಬಿಡುವಂತಿಲ್ಲ. ಎಲ್ಲರೂ ತಮ್ಮ ಹಿತ್ತಲಿನಲ್ಲಿ ಕಂಡದ್ದನ್ನೇ ಇಟ್ಟುಕೊಂಡು ಕೂತಿದ್ದರೆ ಹೊಸದು ಬರುವುದೆಲ್ಲಿಂದ? ಚೆಂಡುಹೂವು ಮೆಕ್ಸಿಕೋದ್ದು. ಡೇರೆಯೂ ಅಲ್ಲಿಯದೇ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಯಾವುದೂ ನಮ್ಮ ಮುತ್ತಜ್ಜಂದಿರು ಮಣ್ಣಿನಲ್ಲಿ ಕಂಡು ಆರಿಸಿದ್ದಲ್ಲ, ಕಾಣದ್ದನ್ನು ಯಾರೋ ಧೈರ್ಯ ಮಾಡಿ ಬಿತ್ತಿದ್ದು. ಒಪ್ಪಿದೆ. ಕಾಣದ ಬೀಜ ಬೇಕೇ ಬೇಕು. ಆದರೆ ಹೊಸದೊಂದು ಊರಿಗೆ ಬಂದು ನೆಲೆಯೂರಿದ್ದು ಕೊಂಡದ್ದರಿಂದಲ್ಲ, ಕೊಂಡ ಮೇಲೆ ಉಳಿಸಿಕೊಂಡದ್ದರಿಂದ. ಬ್ಯಾಡಗಿಯ ಮೆಣಸಿನಕಾಯಿ ಹಡಗಿನಿಂದ ಇಳಿದಾಗಲೇ ಸುಕ್ಕುಸುಕ್ಕಾಗಿ, ಖಾರ ಕಡಿಮೆಯಾಗಿ, ಬಣ್ಣ ತುಂಬಿಕೊಂಡು ಇರಲಿಲ್ಲ. ಕಾಣದ್ದನ್ನು ವರ್ಷಕ್ಕೊಂದೆರಡು ತರಿಸುವವನ ಕಣ್ಣಿಗೆ ಅದನ್ನು ಗಮನಿಸುವ ಬಿಡುವಿರುತ್ತದೆ. ನಲವತ್ತು ತರಿಸಿದವನಿಗೆ ಮೇ ತಿಂಗಳಲ್ಲಿ ಹೆಸರಿನ ಚೀಟಿ ಯಾವುದು ಯಾವ ಕುಂಡದ್ದು ಎಂಬುದೇ ಮರೆತಿರುತ್ತದೆ.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇಂದಿನ ಬೀಜಗಳಲ್ಲಿ ಬಹಳಷ್ಟು ಹೈಬ್ರಿಡ್. ಅದರ ಬೀಜ ಇಟ್ಟು ಬಿತ್ತಿದರೆ ಮಕ್ಕಳು ತಾಯಿಯಂತಿರುವುದಿಲ್ಲ. ಗಿಡ ನೋಡಿ ಆರಿಸುವ ಬಾಗಿಲನ್ನೇ ಮುಚ್ಚಿ, ಪ್ರತಿ ವರ್ಷ ಅಂಗಡಿಗೇ ಬರುವಂತೆ ಮಾಡಿದ ಮೇಲೆ ತೋಟಗಾರನನ್ನು ಬೈದು ಏನು ಫಲ? ನಿಜ. ಈ ಬಾಗಿಲು ಮುಚ್ಚುವ ಕೆಲಸದಲ್ಲಿ ಕನ್ನಡನಾಡಿನ ಕೈಯೂ ಇದೆ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ಪೆಟೂನಿಯಾದಂಥ ಹೂಗಳ ಹೈಬ್ರಿಡ್ ಬೀಜವನ್ನು ಅಮೆರಿಕಕ್ಕೆ ಕಳಿಸುತ್ತಿತ್ತು. 1973ರಲ್ಲಿ 'ಕರ್ನಾಟಕ' ಎಂಬ ಹೆಸರಿನದೇ ಒಂದು ಹೈಬ್ರಿಡ್ ಟೊಮೆಟೊ ತಂದಿತು. ಇವತ್ತು ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಸುತ್ತಮುತ್ತ ರೈತರು ದೇಶವಿದೇಶದ ಕಂಪನಿಗಳಿಗೆ ತರಕಾರಿ ಬೀಜ ಮಾಡಿಕೊಡುತ್ತಾರೆ.

ಆ ರೈತರ ನೆರಳುಬಲೆಯ ಮನೆಗಳೊಳಗಿನ ಕೆಲಸವನ್ನು ಒಮ್ಮೆ ನೋಡಬೇಕು. ಇನ್ನೂ ಬಿರಿಯದ ಟೊಮೆಟೊ ಮೊಗ್ಗನ್ನು ಹೆಣ್ಣಾಳು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಚಿಮಟದಿಂದ ಒಳಗಿನ ಹಳದಿ ಕೇಸರದ ಗೂಡನ್ನು ಎತ್ತಿ ತೆಗೆಯುತ್ತಾಳೆ. ನಡುವಿನ ಹಸಿರು ಶಲಾಕೆ ಮುರಿಯಬಾರದು. ಮರುದಿನ ಬೆಳಿಗ್ಗೆ ಗಂಡುಗಿಡದ ಪರಾಗವನ್ನು ಅದರ ತುದಿಗೆ ಮುಟ್ಟಿಸಿ, ಮೊಗ್ಗಿನ ಬುಡದ ಪುಷ್ಪಪತ್ರಗಳಲ್ಲಿ ಎರಡನ್ನು ಕತ್ತರಿಸುತ್ತಾಳೆ. ಕಾಯಿ ಹಣ್ಣಾದ ಮೇಲೂ ತೊಟ್ಟಿನ ಬಳಿ ಆ ಎರಡು ಪುಷ್ಪಪತ್ರಗಳ ಕೊರತೆ ಕಾಣುತ್ತದೆ, ಇದು ಕೂಡಿಸಿದ್ದು, ತಾನಾಗಿ ಆದದ್ದಲ್ಲ ಎನ್ನುವುದಕ್ಕೆ ಅದೇ ಗುರುತು. ಹೀಗೆ ಒಂದೊಂದೇ ಮೊಗ್ಗು. ಇಂಥ ಬೀಜ ದೂರದ ಯಾವುದೋ ಊರಿನಲ್ಲಿ ಹಿಮ ಬೀಳುವ ರಾತ್ರಿ ಆರ್ಡರಾಗಿ, ಬಿಸ್ಕತ್ತಿನ ಡಬ್ಬ ಸೇರಿ, ಅಲ್ಲೇ ಸಾಯುವುದು ಸಣ್ಣ ಪೋಲು ಅಲ್ಲ. ಬೀಜಕ್ಕೆ ಆಯುಸ್ಸಿದೆ. ಟೊಮೆಟೊ ಬೀಜ ನಾಲ್ಕೈದು ವರ್ಷ ತಡೆದೀತು. ಈರುಳ್ಳಿಯ ಬೀಜ ಎರಡನೆಯ ವರ್ಷಕ್ಕೆ ನಂಬಿಕೆಗೆ ಅರ್ಹವಲ್ಲ. ಆರೇ ಆರು ಗಿಡ ಬೇಕಿದ್ದವನ ಕೈಗೆ ಒಂದು ಗ್ರಾಮ್ ಟೊಮೆಟೊ ಬೀಜ ಕೊಟ್ಟರೆ ಅದರಲ್ಲಿ ಸುಮಾರು ಮುನ್ನೂರು ಕಾಳಿರುತ್ತವೆ. ಪೆಟೂನಿಯಾ ಆದರೆ ಗ್ರಾಮಿಗೆ ಹತ್ತು ಸಾವಿರದ ಹತ್ತಿರ. ಪೊಟ್ಟಣದ ಮೇಲಿನ ಚಿತ್ರ ಒಂದು ಗಿಡದ್ದು. ಹೈಬ್ರಿಡ್ ಕೊಳ್ಳಲೇಬೇಕಾದವನು ಕೊಳ್ಳಲಿ; ಕೊಳ್ಳಲೇಬೇಕಾದದ್ದು ಯಾವುದೆಂದು ಹೋದ ಆಗಸ್ಟಿನಲ್ಲಿ ಗಿಡದ ಎದುರು ನಿಂತು ಬರೆದಿಟ್ಟುಕೊಂಡಿರಲಿ ಎಂಬುದಷ್ಟೇ ನನ್ನ ಮಾತು.

ಬೆಂಗಳೂರಿನ ಜನವರಿಯೇ ಬೇರೆ, ಅದು ಈ ವಾದವನ್ನು ತಲೆಕೆಳಗು ಮಾಡಿ ತೋರಿಸುತ್ತದೆ. ಇಲ್ಲಿ ಚಳಿಗಾಲದಲ್ಲಿ ತೋಟ ಮಲಗುವುದಿಲ್ಲ, ಮೈತುಂಬ ಅರಳುತ್ತದೆ. ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಫಲಪುಷ್ಪ ಪ್ರದರ್ಶನ. ನೋಡಿ ಹೊರಬಂದವರಿಗೆ ಗೇಟಿನಾಚೆ ಸಾಲುಸಾಲಾಗಿ ಗಿಡ ಮಾರುವವರು. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಹೂವು ಹೊತ್ತ ಡೇರೆ. "ದಿನಾ ಒಂದು ಲೋಟ ನೀರು ಹಾಕಿ ಮೇಡಂ, ಸಾಕು" ಎನ್ನುತ್ತಾನೆ ಮಾರುವವನು. ಚೀಲವನ್ನು ಎತ್ತಿ ತಳ ನೋಡಿದರೆ ತೂತಿನಿಂದ ಬೇರು ಹೊರಬಂದು ಸುತ್ತಿಕೊಂಡಿರುತ್ತದೆ. ಕೆಳಗಿನ ಎಲೆಗಳು ಹಳದಿ, ಮೇಲೊಂದೆರಡು ಮೊಗ್ಗು, ಅವು ಅರಳುವುದರೊಳಗೆ ಶಿವರಾತ್ರಿ, ಅದರ ಹಿಂದೆಯೇ ಬಿಸಿಲು. ಪೆಟೂನಿಯಾ, ಪ್ಯಾನ್ಸಿ ಇವಕ್ಕೂ ಇದೇ ಗತಿ. ಇಂಗ್ಲೆಂಡಿಗೆ ವಸಂತದ, ಬೇಸಿಗೆಯ ಗಿಡವಾದದ್ದು ನಮಗೆ ಚಳಿಗಾಲದ್ದು. ಬೀಜ ಬಿತ್ತಬೇಕಾದದ್ದು ಸೆಪ್ಟೆಂಬರಿನಲ್ಲೇ. ಅಲ್ಲಿಯವರು ಇನ್ನೂ ಹುಟ್ಟದ ಗಿಡವನ್ನು ಕೊಳ್ಳುತ್ತಾರೆ, ನಾವು ಬದುಕು ಮುಗಿಸುತ್ತಿರುವ ಗಿಡವನ್ನು. ಎರಡೂ ಕಡೆ ಕೊಳ್ಳುವವರು ನೋಡದೆ ಬಿಟ್ಟದ್ದು ಒಂದೇ: ಆ ಗಿಡ ಬೆಳೆದ ದಿನಗಳು. ನಮ್ಮ ತಪ್ಪಿಗೆ ಸಮಜಾಯಿಷಿ ಇನ್ನೂ ಕಡಿಮೆ, ಯಾಕೆಂದರೆ ಸಾಕ್ಷಿ ಕಣ್ಣೆದುರಿಗೇ ಇದೆ, ಚೀಲ ಎತ್ತಿ ನೋಡುವವರಿಲ್ಲ.

ಹಾಗಾದರೆ ಕ್ಯಾಟಲಾಗನ್ನು ಒಲೆಗೆ ಹಾಕಬೇಕೆ? ಖಂಡಿತ ಬೇಡ. ಅದು ಓದಲು ತಕ್ಕ ಪುಸ್ತಕ. ಇದನ್ನು ಗಂಭೀರವಾಗಿ ಹೇಳಿದವರು ಕ್ಯಾಥರೀನ್ ವೈಟ್. 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ದಶಕಗಟ್ಟಲೆ ದೊಡ್ಡ ದೊಡ್ಡ ಲೇಖಕರ ಕತೆಗಳನ್ನು ತಿದ್ದಿದ ಸಂಪಾದಕಿ, 1958ರ ಮಾರ್ಚ್ ಒಂದರ ಸಂಚಿಕೆಯಲ್ಲಿ ಬೀಜದ ಮತ್ತು ನರ್ಸರಿಯ ಕ್ಯಾಟಲಾಗುಗಳನ್ನು ಪುಸ್ತಕವಿಮರ್ಶೆಯ ಧಾಟಿಯಲ್ಲೇ ವಿಮರ್ಶೆ ಮಾಡಿದರು, ಆಮೇಲೆಯೂ ಬರೆಯುತ್ತಾ ಹೋದರು. ಅವರು ತೀರಿಕೊಂಡ ಮೇಲೆ 1979ರಲ್ಲಿ ಪತಿ ಇ. ಬಿ. ವೈಟ್ ಆ ಬರಹಗಳನ್ನು ಪುಸ್ತಕ ಮಾಡಿದರು. ಯಾವ ಕಂಪನಿಯ ಗದ್ಯ ಚೆನ್ನ, ಯಾರದು ಅತಿಯಾದ ಬಣ್ಣನೆ ಎಂದು ತೂಗುವುದಷ್ಟೇ ಅಲ್ಲ, ಜಗಳವನ್ನೂ ಆಡುತ್ತಾರೆ. ಜಿನಿಯಾವನ್ನು ಸೇವಂತಿಗೆಯಂತೆ ಕಾಣಿಸಲು ಯಾಕಿಷ್ಟು ಪಾಡು, ಅದು ಜಿನಿಯಾ ಆಗಿರುವುದರಲ್ಲಿ ಕೊರತೆಯೇನು ಎಂಬುದು ಅವರ ತಕರಾರು. ಹಾಗೆ ಜಗಳವಾಡಲು ಸಾಧ್ಯವಾದದ್ದು ಮೇನ್ ರಾಜ್ಯದ ತಮ್ಮ ತೋಟದಲ್ಲಿ ಜಿನಿಯಾ ಹೇಗಿರುತ್ತದೆಂದು ಅವರು ಕಂಡಿದ್ದರಿಂದ. ಓದುವುದು ಒಂದು ಸುಖ, ಕೊಳ್ಳುವುದು ಇನ್ನೊಂದು ಕೆಲಸ. ಕಾಗದದ ಕಾಲದಲ್ಲಿ ಇವೆರಡರ ನಡುವೆ ನಾಲ್ಕಾರು ಮೆಟ್ಟಿಲಿದ್ದವು: ಫಾರಮ್ಮು ತುಂಬಬೇಕು, ಕೂಡಿ ಲೆಕ್ಕ ಹಾಕಬೇಕು, ಮೊತ್ತ ನೋಡಿ ಗಾಬರಿಯಾಗಿ ಅರ್ಧ ಹೊಡೆದುಹಾಕಬೇಕು, ಚೆಕ್ ಬರೆಯಬೇಕು, ಅಂಚೆಪೆಟ್ಟಿಗೆಯವರೆಗೆ ಚಳಿಯಲ್ಲಿ ನಡೆಯಬೇಕು. ಆ ಚಳಿಯಲ್ಲಿ ನಡೆಯುವಾಗಲಾದರೂ ತೋಟದ ನಿಜಸ್ಥಿತಿ ಕಾಲಿಗೆ ತಾಗುತ್ತಿತ್ತು. ಈಗ ಫೋನಿನಲ್ಲಿ ಓದುವ ಬೆರಳೇ ಕೊಳ್ಳುವ ಬೆರಳು, ಚಿತ್ರದ ಪಕ್ಕದಲ್ಲೇ ಕೆಲವೇ ಉಳಿದಿವೆ ಎಂಬ ಕೆಂಪಕ್ಷರ. 2020ರ ಮಾರ್ಚಿನಲ್ಲಿ, ಕೋವಿಡ್ ಶುರುವಾದಾಗ, ತನ್ನ 144 ವರ್ಷಗಳ ಚರಿತ್ರೆಯಲ್ಲೇ ಇಷ್ಟು ಬೀಜ ಮಾರಿರಲಿಲ್ಲ ಎಂದಿತು ಬರ್ಪಿ. ಹೆದರಿಕೆಗೆ ಬೀಜ ಕೊಂಡರೆ ತಪ್ಪೇನಿಲ್ಲ. ಅವುಗಳಲ್ಲಿ ಎಷ್ಟು ಮಣ್ಣು ಕಂಡವೋ ಲೆಕ್ಕ ಇಟ್ಟವರಾರು!

ಚಳಿಗಾಲದಲ್ಲಿ ತೋಟದ ಪರವಾಗಿ ಮಾತಾಡುವ ಸಾಕ್ಷಿ ಅಲ್ಲಿ ಒಂದೇ ಒಂದು ಉಳಿದಿದೆ, ಅದು ಅಮೆರಿಕದ ಕೃಷಿ ಇಲಾಖೆಯ ಚಳಿವಲಯದ ನಕ್ಷೆ. ಒಂದು ಊರಿನಲ್ಲಿ ವರ್ಷದ ಕನಿಷ್ಠ ಚಳಿ ಎಷ್ಟಕ್ಕಿಳಿಯುತ್ತದೆ ಎಂದು ಮೂವತ್ತು ವರ್ಷಗಳ ಸರಾಸರಿ ತೆಗೆದು ದೇಶವನ್ನು 13 ವಲಯಗಳಾಗಿ ಹಂಚಿದ ನಕ್ಷೆ. 2023ರಲ್ಲಿ ಅದನ್ನು ಪರಿಷ್ಕರಿಸಿದಾಗ ದೇಶದ ಅರ್ಧದಷ್ಟು ಜಾಗ ಅರ್ಧ ವಲಯ ಬೆಚ್ಚಗಿನ ಕಡೆಗೆ ಸರಿದಿತ್ತು. ಭೂಮಿ ಕಾಯುತ್ತಿರುವುದಕ್ಕೆ ಅಳಬೇಕಾದವರಲ್ಲಿ ಕೆಲವರು, ಇನ್ನು ನಮ್ಮಲ್ಲೂ ಕ್ಯಾಮೆಲಿಯಾ ನೆಡಬಹುದಲ್ಲ ಎಂದು ಹಿಗ್ಗಿದರು. ಆಸೆಯ ವಕೀಲಿಕೆ ಅಂಥದ್ದು.

ನ್ಯೂಜೆರ್ಸಿಯ ಕನ್ನಡಿಗರ ಸಂಗತಿಗೆ ಬಂದರೆ, ನಕ್ಷೆಯೂ ಅವರಿಗೆ ಸಹಾಯಕ್ಕಿಲ್ಲ. ಅವರ ಆಸೆ ಚಳಿಯಿಂದಲ್ಲ, ಹಗಲಿನಿಂದ ಕೆಡುವಂಥದ್ದು. ಜನವರಿಯಲ್ಲಿ ಊರಿಂದ ಫೋನು ಬರುತ್ತದೆ: ಸೊಗಡು ಅವರೆ ಬಂದಿದೆ, ಹಿದುಕಿದ ಬೇಳೆ ಸಾರು ಮಾಡಿದೆವು. ಅಲ್ಲಿ ಕಿಟಕಿಯಾಚೆ ಹಿಮ. ಅವರೆ ಬೀಜಕ್ಕೆ ಮನಸ್ಸು ಓಡಲು ಇದಕ್ಕಿಂತ ಕೆಟ್ಟ ಮುಹೂರ್ತ ಬೇಕಿಲ್ಲ. ಮೇ ಕೊನೆಯಲ್ಲಿ ನೆಲ ಬೆಚ್ಚಗಾದ ಮೇಲೆ ಬಿತ್ತುತ್ತಾರೆ, ಬಳ್ಳಿ ಬೇಲಿ ಹತ್ತಿ ಗ್ಯಾರೇಜಿನ ಮಾಡು ಹತ್ತುತ್ತದೆ, ನೆರೆಯ ಅಮೆರಿಕನ್ನರು ಹೊಗಳುತ್ತಾರೆ, ಹೂವು ಮಾತ್ರ ಇಲ್ಲ. ನಮ್ಮ ನಾಟಿ ಅವರೆ ಹಗಲು ಕಿರಿದಾಗುವುದನ್ನು ಕಾಯುವ ಗಿಡ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ ಹದಿಮೂರು ತಾಸು ಮುಟ್ಟುವುದಿಲ್ಲ, ನ್ಯೂಜೆರ್ಸಿಯಲ್ಲಿ ಜೂನಿನ ಹಗಲು ಹದಿನೈದು ತಾಸು. ಸೆಪ್ಟೆಂಬರ್ ಕೊನೆಗೆ ಹಗಲು ಸರಿಹೋಗಿ ಬಳ್ಳಿ ಹೂ ಬಿಡುವಷ್ಟರಲ್ಲಿ ಅಕ್ಟೋಬರಿನ ಮೊದಲ ಇಬ್ಬನಿಹಿಮ ಬಿದ್ದು ಒಂದೇ ರಾತ್ರಿಗೆ ಎಲ್ಲ ಕರಿಕಲು.

ಇದಕ್ಕೆ ದಾರಿಯಿಲ್ಲದೆ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಅಳತೆಗೆ ಕಾಯದ, ಗಿಡ್ಡಗೆ ಪೊದೆಯಂತೆ ಬೆಳೆಯುವ ಹೆಬ್ಬಾಳ ಅವರೆ ತಳಿಗಳನ್ನು ಮಾಡಿದ್ದಾರೆ. ಎಚ್‌ಎ-3, ಎಚ್‌ಎ-4 ಅಂಥವು. ಬೀಜವನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿ ಒಯ್ಯುವುದು ಬೇಡ, ಬಿತ್ತನೆ ಬೀಜಕ್ಕೆ ಅಮೆರಿಕದಲ್ಲಿ ಸಸ್ಯಆರೋಗ್ಯದ ದಾಖಲೆ ಕೇಳುತ್ತಾರೆ. ಅದಕ್ಕಿಂತ ಸುಲಭದ್ದು, ಜನವರಿಯಲ್ಲಿ ಯಾವ ಜಾಲತಾಣದಲ್ಲಿ ಅವರೆ ಬೀಜ ಸಿಗುತ್ತದೆ ಎಂದು ಹುಡುಕುವ ಬದಲು, ಹೋದ ಸೆಪ್ಟೆಂಬರಿನಲ್ಲಿ ಯಾರ ಹಿತ್ತಲಿನಲ್ಲಿ ಕಾಯಿ ಕಟ್ಟಿತ್ತು ಎಂದು ಕನ್ನಡ ಕೂಟದವರನ್ನು ಕೇಳುವುದು. ಹಾಗೆ ಕಟ್ಟಿದವರಿದ್ದರೆ ಅವರಿಂದ ಹತ್ತು ಕಾಳು. ಇಲ್ಲದಿದ್ದರೆ ಒಂದೇ ಪೊಟ್ಟಣ ಕೊಂಡು, ಮೊದಲು ಹೂವು ಬಿಟ್ಟ ಗಿಡಕ್ಕೆ ಒಂದು ದಾರ ಕಟ್ಟಿ, ಅದರ ಕಾಯಿಯನ್ನು ಸಾರಿಗೆ ಹಾಕದೆ ಬೀಜಕ್ಕೆ ಒಣಗಿಸುವುದು. ಹೆಬ್ಬಾಳದ ತಳಿಗೆ ಮಾಗಡಿ ಅವರೆಯ ಸೊಗಡಿಲ್ಲ ಎಂದು ಮೂಗು ಮುರಿಯುವವರಿದ್ದಾರೆ, ಅವರ ಮೂಗು ಸುಳ್ಳು ಹೇಳುತ್ತಿಲ್ಲ. ಆದರೂ ಆಗಸ್ಟಿನ ಸಂಜೆ ಅಂಗಳದಿಂದಲೇ ಒಂದು ಬೊಗಸೆ ಕಾಯಿ ಬಿಡಿಸಿಕೊಳ್ಳಬಹುದು. ಸಂಕ್ರಾಂತಿಗೆ ಮಾತ್ರ, ಇಂಡಿಯನ್ ಅಂಗಡಿಯ ಫ್ರೀಜರಿನ ಪೊಟ್ಟಣವೇ ಗತಿ.